ರೇಸ್ ಕೊಟ್ಟರೆ ಮಾತ್ರ ಬೆಳಕು: ಹಳೇ 100 ಸಿಸಿ ಬೈಕಿಗೆ ಎಲ್‌ಇಡಿ ಪವರ್ ಸಪ್ಲೈ ಮಾಡಿದ ಪ್ರಕರಣ

ಬೈಕ್ ನಮ್ಮ ಸೋದರಮಾವನದು. ನಾಲ್ಕು ಸ್ಟ್ರೋಕಿನ 100 ಸಿಸಿ, ಕಿಕ್ ಸ್ಟಾರ್ಟ್, ಹಳೇ ಮಾಡೆಲ್. ಊರು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆಗುವ ತನಕ ಚಿತ್ರದುರ್ಗಕ್ಕೆ ಸೇರಿದ್ದ ಒಣ ಸೀಮೆ ಇದು. ಮೆಕ್ಕೆಜೋಳ, ಈರುಳ್ಳಿ, ಬೋರಿನಲ್ಲಿ ನೀರಿದ್ದವರಿಗೆ ಒಂದಿಷ್ಟು ಅಡಿಕೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಪಾಳಿ ಮೇಲೆ ಬರುತ್ತದೆ. ರಾತ್ರಿ ಪಾಳಿ ಇದ್ದಾಗ ಮಾವ ಸರಿಹೊತ್ತಿನಲ್ಲಿ ಎದ್ದು, ಹೊಲಕ್ಕೆ ಹೋಗಿ ಮೋಟರ್ ಹಾಕಿ ಬರಬೇಕು. ರಂಗಯ್ಯನದುರ್ಗದ ಕಾಡು ದೂರವಿಲ್ಲ. ಆ ಅಭಯಾರಣ್ಯ ಹೆಸರಾಗಿರುವುದು ಕೊಂಡುಕುರಿಗೆ. ಆದರೆ ರಾತ್ರಿ ಜನ ಹೆದರುವುದು ಕರಡಿಗೆ, ಕಾಡುಹಂದಿಗೆ.

ಮಾವನ ದೂರು ಸರಳವಾಗಿತ್ತು. ಟಾರು ರಸ್ತೆಯಲ್ಲಿ ಲೈಟು ಚೆನ್ನಾಗಿ ಬರುತ್ತದೆ, ಬಂಡಿದಾರಿಗೆ ಇಳಿದ ಕೂಡಲೇ ಕೆಂಪಗಾಗುತ್ತದೆ. ಎರಡನೇ ಗೇರಿನಲ್ಲಿ ಕಲ್ಲು, ಗುಂಡಿ ತಪ್ಪಿಸಿಕೊಂಡು ನಿಧಾನ ಹೋಗುವಾಗಲೇ ಮುಂದೇನಿದೆ ಅಂತ ಕಾಣುವುದಿಲ್ಲ. ನಿಂತು ನೋಡೋಣ ಅಂದರೆ ಇನ್ನೂ ಮಂಕು. ಹೀಗಾಗಿ ಕ್ಲಚ್ ಹಿಡಿದು ರೇಸ್ ಕೊಟ್ಟು, ಆ ಬೆಳಕಿನಲ್ಲಿ ದಾರಿ ನೋಡಿಕೊಂಡು ಮುಂದೆ ಹೋಗುವುದು ಅವರಿಗೆ ಅಭ್ಯಾಸವಾಗಿಬಿಟ್ಟಿತ್ತು. ಯಾರೋ ಹೇಳಿದರು ಅಂತ ಒಂದು ಎಲ್‌ಇಡಿ ಬಲ್ಬ್ ತಂದು ಹಾಕಿಸಿದರು. ಅದು ನಿಧಾನದಲ್ಲಿ ಪಟಪಟ ಮಿಣುಕಿತು. ಆಮೇಲೆ ಒಂದು ದಿನ ಟಾರು ರಸ್ತೆಯಲ್ಲೇ ಪೂರ್ತಿ ಆರಿಹೋಯಿತು. ಆಗ ಬಲ್ಬು, ಬೈಕು ಎರಡೂ ದಾವಣಗೆರೆಯ ನನ್ನ ರಿಪೇರಿ ಮೇಜಿಗೆ ಬಂದವು. ನನ್ನದು ಇನ್ವರ್ಟರ್, ಯುಪಿಎಸ್ ರಿಪೇರಿ ಕೆಲಸ. ಬೈಕಿನ ಕರೆಂಟೂ ಕರೆಂಟೇ ಅಲ್ವಾ!

ಮೊದಲು ಅಳತೆ

ಈ ತಲೆಮಾರಿನ ಸಣ್ಣ ಬೈಕುಗಳಲ್ಲಿ ಹೆಡ್‌ಲೈಟು ಬ್ಯಾಟರಿಯಿಂದ ಉರಿಯುವುದಿಲ್ಲ. ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ ಬರುವ ಎಸಿ ನೇರವಾಗಿ ಬಲ್ಬಿಗೆ ಹೋಗುತ್ತದೆ. ಕಾಯಿಲಿನ ಒಂದು ತುದಿ ಎಂಜಿನ್ ಬಾಡಿಗೆ ಅರ್ಥ್ ಆಗಿರುತ್ತದೆ. ಇನ್ನೊಂದು ತುದಿ ರೆಗ್ಯುಲೇಟರಿಗೆ ಬರುತ್ತದೆ. ಅಲೆಯ ಒಂದು ಅರ್ಧದಿಂದ ರೆಗ್ಯುಲೇಟರ್ ಬ್ಯಾಟರಿ ಚಾರ್ಜ್ ಮಾಡುತ್ತದೆ. ಇನ್ನೊಂದು ಅರ್ಧದಲ್ಲಿ ವೋಲ್ಟೇಜ್ ಮೇಲೆ ಹೋದರೆ ಕಾಯಿಲನ್ನೇ ಶಾರ್ಟ್ ಮಾಡಿ ಇಳಿಸುತ್ತದೆ. ಅಂದರೆ ಜಾಸ್ತಿಯಾದದ್ದನ್ನು ಕತ್ತರಿಸುವುದು ಅದಕ್ಕೆ ಗೊತ್ತು, ಕಡಿಮೆಯಾದದ್ದನ್ನು ಏರಿಸುವುದು ಗೊತ್ತಿಲ್ಲ.

ಹಳೇ ಹ್ಯಾಲೊಜನ್ ಬಲ್ಬನ್ನು ಮತ್ತೆ ಹಾಕಿ, ಟ್ರೂ ಆರ್‌ಎಂಎಸ್ ಮೀಟರಿನಲ್ಲಿ (ಅಲೆಯ ಆಕಾರ ಹೇಗಿದ್ದರೂ ಸರಿಯಾಗಿ ಅಳೆಯುವಂಥದ್ದು) ನೋಡಿದೆ. ಈ ಅಲೆ ಕತ್ತರಿಸಿದ ಅಲೆ. ಸಾದಾ ಮೀಟರ್ ಇಲ್ಲಿ ಸುಳ್ಳು ಹೇಳುತ್ತದೆ. ಐಡಲಿಂಗಿನಲ್ಲಿ 7.6 ವೋಲ್ಟ್. ಎರಡನೇ ಗೇರಿನಲ್ಲಿ ನಿಧಾನ ಹೋಗುವಷ್ಟು ರೇಸ್ ಕೊಟ್ಟರೆ 10.1. ಜೋರು ರೇಸಿನಲ್ಲಿ 12.9. ಆಮೇಲೆ ಎಷ್ಟು ತಿರುವಿದರೂ ಅಷ್ಟೇ.

ಈ ಅಂಕಿ ನೋಡಿ "ಅರ್ಧಕ್ಕಿಂತ ಜಾಸ್ತಿ ಬರ್ತಿದೆಯಲ್ಲ" ಅನ್ನಿಸಬಹುದು. ಆದರೆ ತಂತಿ ಕಾದು ಬೆಳಗುವ ಬಲ್ಬಿನ ಬೆಳಕು ವೋಲ್ಟೇಜಿಗೆ ಸರಿಸಮ ಇಳಿಯುವುದಿಲ್ಲ. ಸುಮಾರು 3.4ನೇ ಘಾತದಲ್ಲಿ ಇಳಿಯುತ್ತದೆ. ಇಂಥ ಬೈಕುಗಳಿಗೆ ಹಾಕುವ 35/35 ವ್ಯಾಟಿನ ಎಚ್‌ಎಸ್1 ಬಲ್ಬು 13.2 ವೋಲ್ಟಿನಲ್ಲಿ ಡಿಪ್‌ಗೆ 525 ಲ್ಯೂಮೆನ್, ಬ್ರೈಟ್‌ಗೆ 825 ಲ್ಯೂಮೆನ್ ಕೊಡಬೇಕು. 10.1 ವೋಲ್ಟಿನಲ್ಲಿ ಅದು 40 ಪರ್ಸೆಂಟಿಗೆ ಬರುತ್ತದೆ. 7.6 ವೋಲ್ಟಿನಲ್ಲಿ 15 ಪರ್ಸೆಂಟ್, ಅಂದರೆ ಡಿಪ್‌ನಲ್ಲಿ 80 ಲ್ಯೂಮೆನ್ ಆಸುಪಾಸು. ಮಾವನ ದೂರಿನಲ್ಲಿ ಒಂದು ಅಕ್ಷರವೂ ಉತ್ಪ್ರೇಕ್ಷೆ ಇರಲಿಲ್ಲ. ಬೆಳಕು ಬೇಕಾಗುವುದು ನಿಧಾನ ಹೋಗುವಾಗ, ಮ್ಯಾಗ್ನೆಟ್ ಕೊಡುವುದು ಜೋರು ಹೋಗುವಾಗ. ಇದು ಬಲ್ಬಿನ ಸಮಸ್ಯೆಯೇ ಅಲ್ಲ.

ಬಲ್ಬಿನ ಶವಪರೀಕ್ಷೆ

ಸುಟ್ಟ ಎಲ್‌ಇಡಿ ಬಲ್ಬಿನ ಹಿಂಬದಿ ಮುಚ್ಚಳ ತೆಗೆದೆ. ಬೆರಳ ತುದಿಯಷ್ಟು ಬೋರ್ಡು. ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡಿನ ಒಂದು ಬ್ರಿಡ್ಜ್ ರೆಕ್ಟಿಫೈಯರ್, ಒಂದು ಪುಟ್ಟ ಕೆಪಾಸಿಟರ್, ಒಂದು ಕರೆಂಟ್ ಕಂಟ್ರೋಲ್ ಐಸಿ. ಕೆಪಾಸಿಟರ್ ತಲೆ ಉಬ್ಬಿತ್ತು, ಮೈಮೇಲೆ 25 ವೋಲ್ಟ್ ಅಂತ ಬರೆದಿತ್ತು. ಐಸಿಯ ಮಧ್ಯದಲ್ಲಿ ಸೂಜಿ ಚುಚ್ಚಿದಷ್ಟು ತೂತು. ಆದರೆ ಎಲ್‌ಇಡಿ ಚಿಪ್ಪುಗಳು ಚೆನ್ನಾಗಿದ್ದವು. ಬೆಂಚ್ ಸಪ್ಲೈಯಿಂದ ಕೊಟ್ಟರೆ ಡಿಪ್‌ನ ಮೂರು, ಬ್ರೈಟ್‌ನ ಮೂರು, ಎಲ್ಲವೂ ಉರಿದವು. ಮೂರು ಚಿಪ್ ಸೀರೀಸಿನಲ್ಲಿ, 0.67 ಆಂಪಿಯರಿಗೆ 9.3 ವೋಲ್ಟ್.

25 ವೋಲ್ಟಿನ ಕೆಪಾಸಿಟರನ್ನು ಉಬ್ಬಿಸಿದ್ದು ಯಾವುದು? ಸೀಟು ಎತ್ತಿ ನೋಡಿದರೆ ಬ್ಯಾಟರಿಯ ಪ್ಲಸ್ ಟರ್ಮಿನಲ್ ಮೇಲೆ ಬಿಳಿ ಪುಡಿ, ವೈರು ಅಲ್ಲಾಡುತ್ತಿತ್ತು. ಬ್ಯಾಟರಿ ಸತ್ತು ಎಷ್ಟೋ ತಿಂಗಳಾಗಿತ್ತು. ಹಾರನ್ ಕೂಡ ಎಂಜಿನ್ ಜೋರಿದ್ದಾಗ ಮಾತ್ರ ಕೂಗುತ್ತಿತ್ತಂತೆ. ಇದು ಎಸಿ ಸಿಡಿಐ ಇರುವ ಬೈಕು, ಅಂದರೆ ಪ್ಲಗ್ಗಿನ ಕಿಡಿಗೂ ಕರೆಂಟು ಮ್ಯಾಗ್ನೆಟ್ಟಿನಿಂದಲೇ. ಕಿಕ್ಕಿಗೆ ಬ್ಯಾಟರಿ ಬೇಕಿಲ್ಲ. ಹಾಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಬ್ಯಾಟರಿ ವೈರು ಬಿಚ್ಚಿ, ಲೈಟಿನ ವೈರಿಗೆ ಒಂದು ಡಯೋಡು, ಒಂದು 100 ವೋಲ್ಟಿನ ಕೆಪಾಸಿಟರ್ ಕಟ್ಟಿ, ಅದರ ಮೇಲೆ ಮೀಟರ್ ಹಿಡಿದೆ. ಹೀಗೆ ಮಾಡಿದರೆ ಅಲೆಯ ತುದಿ ಎಷ್ಟು ಎತ್ತರ ಹೋಗುತ್ತದೆ ಅಂತ ಗೊತ್ತಾಗುತ್ತದೆ. ರೇಸ್ ಕೊಟ್ಟಾಗ 38 ವೋಲ್ಟ್ ಮುಟ್ಟಿತು. ಚಾರ್ಜಿಂಗ್ ಅರ್ಧಕ್ಕೆ ಬ್ಯಾಟರಿಯೇ ಲಗಾಮು. ಬ್ಯಾಟರಿ ಇಲ್ಲದಿದ್ದರೆ ಆ ಅರ್ಧ ಅಲೆಯನ್ನು ತಡೆದು ಹಿಡಿಯಲು ಏನೂ ಇಲ್ಲ. ಹ್ಯಾಲೊಜನ್ ಬಲ್ಬಿನ ದಪ್ಪ ತಂತಿ ಇಂಥ ಚುಚ್ಚುಗಳನ್ನು ಲೆಕ್ಕಕ್ಕೆ ಇಡುವುದಿಲ್ಲ. ಐಸಿ ಇಡುತ್ತದೆ.

ಹೊಸ ಬ್ಯಾಟರಿ ತರಬೇಕು ಅಂದೆ. ಮಾವ ರೇಗಿದರು. "ಅಲ್ಲಲೇ ಅಳಿಯ, ನಾನು ಲೈಟ್ ಕೇಳಿದ್ರೆ ನೀನು ಬ್ಯಾಟರಿ ತಗಾ ಅಂತೀಯಲ್ಲ!"

"ಮಾವ, ಬಲ್ಬ್ ಸುಟ್ಟಿದ್ದೇ ಬ್ಯಾಟರಿ ಇಲ್ಲದ್ದಕ್ಕೆ. ಇನ್ನೊಂದು ಬಲ್ಬ್ ತಂದ್ರೂ ಅದೇ ಗತಿ."

"ಹಂಗಾದ್ರೆ ಆ ಅಂಗಡಿಯವನು ಯಾಕೆ ಹೇಳ್ಲಿಲ್ಲ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ಯಾಟರಿ ಬಂತು: 12 ವೋಲ್ಟ್, 2.5 ಆಂಪಿಯರ್ ಅವರ್.

ಕರೆಂಟು ಎಲ್ಲಿಂದ ತರುವುದು

ಡಿಸೈನಿನ ಮುಖ್ಯ ತೀರ್ಮಾನ ಇದೇ. ಯಾವ ಐಸಿ ಅನ್ನುವುದು ಆಮೇಲಿನ ಮಾತು.

ಮೊದಲ ದಾರಿ, ಇರುವ ಎಸಿ ಲೈನನ್ನೇ ರೆಕ್ಟಿಫೈ ಮಾಡುವುದು. ಇಲ್ಲಿ ಒಂದು ಗುಂಡಿ ಇದೆ, ತುಂಬ ಜನ ಬೀಳುತ್ತಾರೆ. ಫುಲ್ ಬ್ರಿಡ್ಜ್ ಹಾಕಿ ಅದರ ಮೈನಸ್ಸನ್ನು ಬೈಕಿನ ಬಾಡಿಗೆ ಕೊಡುತ್ತಾರೆ. ಕಾಯಿಲಿನ ಒಂದು ತುದಿ ಆಗಲೇ ಬಾಡಿಯಲ್ಲಿದೆ. ಹಾಗಾಗಿ ಅಲೆಯ ಒಂದು ಅರ್ಧದಲ್ಲಿ ಬ್ರಿಡ್ಜಿನ ಒಂದೇ ಡಯೋಡಿನ ಮೂಲಕ ಕಾಯಿಲ್ ಶಾರ್ಟ್ ಆಗುತ್ತದೆ. ಲೈಟು ಉರಿಯುತ್ತದೆ, ಆದರೆ ಕಾಯಿಲ್ ಕಾಯುತ್ತದೆ, ಡಯೋಡು ಸುಡುತ್ತದೆ. ಬ್ರಿಡ್ಜ್ ಹಾಕಿದರೆ ಅದರ ಮುಂದಿನದೆಲ್ಲ ಬಾಡಿಗೆ ತಾಗದಂತೆ ಇರಬೇಕು. ಇಲ್ಲವೇ ಒಂದೇ ಡಯೋಡು ಹಾಕಿ ಅರ್ಧ ಅಲೆಯಲ್ಲಿ ತೃಪ್ತಿಪಡಬೇಕು.

ಅರ್ಧ ಅಲೆ ಅಂದರೆ ಮಧ್ಯದ ಖಾಲಿಯನ್ನು ಕೆಪಾಸಿಟರ್ ತುಂಬಬೇಕು. ಐಡಲಿಂಗಿನಲ್ಲಿ ಮೀಟರ್ 90 ಹರ್ಟ್ಸ್ ತೋರಿಸಿತು. ಅಂದರೆ ಅಲೆಯ ಒಂದು ಸುತ್ತಿಗೆ 11 ಮಿಲಿಸೆಕೆಂಡ್, ಅದರಲ್ಲಿ 9ರಷ್ಟು ಹೊತ್ತು ಕೆಪಾಸಿಟರೇ ಸಾಕಬೇಕು. 0.7 ಆಂಪಿಯರ್ ಎಳೆದು ಒಂದೂವರೆ ವೋಲ್ಟ್ ಮಾತ್ರ ಇಳಿಯಬೇಕು ಅಂದರೆ 4200 ಮೈಕ್ರೋಫ್ಯಾರಡ್ ಬೇಕು. ಮೇಲೆ ಹೇಳಿದ ಚುಚ್ಚು ತಡೆಯಲು 63 ವೋಲ್ಟಿನದೇ ಆಗಬೇಕು. ಹೆಬ್ಬೆರಳಿಗಿಂತ ದಪ್ಪನೆಯ ವಸ್ತು ಅದು. ಸುಟ್ಟ ಬಲ್ಬಿನಲ್ಲಿದ್ದದ್ದು ಇದರ ನೂರನೇ ಒಂದು ಭಾಗವೂ ಇರಲಿಲ್ಲ. ಮಿಣುಕದೆ ಏನು ಮಾಡೀತು?

ಎರಡನೇ ದಾರಿ, ಕಾಯಿಲಿನ ಅರ್ಥ್ ತುದಿಯನ್ನು ಬಿಡಿಸಿ, ಎರಡೂ ತುದಿ ಹೊರಗೆ ತಂದು, ಫುಲ್ ವೇವ್ ರೆಗ್ಯುಲೇಟರ್ ಹಾಕುವುದು. ಚಾರ್ಜಿಂಗ್ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ದೂರ ಪ್ರಯಾಣಕ್ಕೆ ಜೋಡಿ ಫಾಗ್ ಲೈಟ್ ಹಾಕುವವರು ಹೀಗೆ ಮಾಡಿಸುತ್ತಾರೆ. ಆದರೆ ಮ್ಯಾಗ್ನೆಟ್ ಕವರ್ ಬಿಚ್ಚಬೇಕು, ಬೆಸುಗೆ ಬಿಡಿಸಬೇಕು. ಏಳು ವ್ಯಾಟಿನ ದೀಪಕ್ಕೆ ಅಷ್ಟು ಬೇಡ ಅನ್ನಿಸಿತು.

ಮೂರನೇ ದಾರಿ, ಬ್ಯಾಟರಿ. ಬ್ಯಾಟರಿ ಒಂದು ತೊಟ್ಟಿ ಇದ್ದ ಹಾಗೆ. ಮೇಲಿಂದ ನೀರು ಹನಿಹನಿ ಬಂದರೂ ಕೆಳಗಿನ ನಲ್ಲಿ ಸಮನಾಗಿ ಹರಿಯುತ್ತದೆ. ಹ್ಯಾಲೊಜನ್ ಕಾಲದಲ್ಲಿ ಈ ದಾರಿ ಆಗುತ್ತಿರಲಿಲ್ಲ. 35 ವ್ಯಾಟ್ ಅಂದರೆ 3 ಆಂಪಿಯರ್, ಇಷ್ಟು ಪುಟ್ಟ ಬ್ಯಾಟರಿ ಒಂದು ಗಂಟೆಯೂ ತಾಳುವುದಿಲ್ಲ. ಎಲ್‌ಇಡಿ 9.3 ವೋಲ್ಟ್ ಗುಣಿಸು 0.67, ಅಂದರೆ 6.2 ವ್ಯಾಟ್. ಎಲ್‌ಇಡಿಗೆ ಕರೆಂಟು ಅಳೆದು ಕೊಡುವ ಡ್ರೈವರ್ ಸರ್ಕ್ಯೂಟಿನ ನಷ್ಟ ಸೇರಿ 7 ವ್ಯಾಟಿನ ಒಳಗೆ. ಬ್ಯಾಟರಿಯಿಂದ 0.55 ಆಂಪಿಯರ್. ಈಗ ಲೆಕ್ಕ ಕೂಡುತ್ತದೆ.

ಆದರೆ ಟೈಲ್ ಲೈಟು, ಮೀಟರ್ ಬಲ್ಬು? ಅವೂ ಅದೇ ಎಸಿ ಲೈನಿನಲ್ಲಿದ್ದವು, ಅದೇ ಲೈಟ್ ಸ್ವಿಚ್ಚಿನ ಹಿಂದೆ. ಸ್ವಿಚ್ಚಿಗೆ ಬರುವ ಎಸಿ ವೈರು ತೆಗೆದು ಕೀ ಆನ್ ಆದಾಗ ಬರುವ ಡಿಸಿ ಕೊಟ್ಟುಬಿಟ್ಟರೆ ವೈರಿಂಗ್ ಕೆಲಸ ಒಂದೇ ನಿಮಿಷದ್ದು. ಅಳೆದರೆ ಈ ಸಣ್ಣ ಬಲ್ಬುಗಳೇ ಒಟ್ಟು 0.9 ಆಂಪಿಯರ್ ಎಳೆಯುತ್ತಿದ್ದವು. ಹೊಸ ಹೆಡ್‌ಲೈಟಿಗಿಂತ ಜಾಸ್ತಿ! ಅವಕ್ಕೂ ಸಣ್ಣ ಎಲ್‌ಇಡಿ ಹಾಕಿದ ಮೇಲೆ 0.15ಕ್ಕೆ ಇಳಿಯಿತು. ಕೆಂಪು ಗಾಜಿನ ಹಿಂದೆ ಕೆಂಪು ಎಲ್‌ಇಡಿಯೇ ಹಾಕಬೇಕು. ಬಿಳಿಯದು ಹಾಕಿದರೆ ಹಿಂದಿನವರಿಗೆ ಮಂಕಾಗಿ ಕಾಣುತ್ತದೆ.

ಒಟ್ಟು ಖರ್ಚು 0.7 ಆಂಪಿಯರ್. ಬ್ಯಾಟರಿಗೆ ಬರುವ ಚಾರ್ಜಿಂಗ್ ಅಳೆದೆ. ಹೆಡ್‌ಲೈಟ್ ಭಾರ ಎಸಿ ಲೈನಿನಿಂದ ಇಳಿದ ಮೇಲೆ ಐಡಲಿಂಗಿನಲ್ಲಿ 0.35, ಓಡುವ ರೇಸಿನಲ್ಲಿ 1.4 ಆಂಪಿಯರ್. ನಿಂತಾಗ ಸ್ವಲ್ಪ ನಷ್ಟ, ಓಡುವಾಗ ಅದರ ಎರಡರಷ್ಟು ಲಾಭ. ಎಂಜಿನ್ ಆರಿಸಿ ಸ್ಟಾರ್ಟರ್ ಬೋರ್ಡಿಗೆ ಲೈಟು ಹಿಡಿದರೂ ಅರ್ಧ ಬ್ಯಾಟರಿ ಖಾಲಿಯಾಗಲು ಒಂದೂಮುಕ್ಕಾಲು ಗಂಟೆ ಬೇಕು. ಈ ಕೊನೇ ಮಾತು ಕೇಳಿ ಮಾವನ ಮುಖ ಅರಳಿತು. ಮೊದಲು ಮೋಟರ್ ಹಾಕುವಾಗ ಬಾಯಲ್ಲಿ ಟಾರ್ಚ್ ಕಚ್ಚಿಕೊಳ್ಳುತ್ತಿದ್ದರಂತೆ.

ಎಸಿ ಲೈನಿನಲ್ಲಿ ಈಗ ಭಾರವೇ ಇಲ್ಲ. ರೆಗ್ಯುಲೇಟರ್ ಮೊದಲಿಗಿಂತ ಹೆಚ್ಚು ಹೊತ್ತು ಕಾಯಿಲನ್ನು ಶಾರ್ಟ್ ಮಾಡಿ ಕೂರಬೇಕು. ಹೈವೇಯಲ್ಲಿ ಚಿತ್ರದುರ್ಗದ ಕಡೆ ಒಂದು ಉದ್ದದ ಓಟ ಓಡಿಸಿ ಬಂದು ಮುಟ್ಟಿ ನೋಡಿದೆ. ಬಿಸಿ ಇತ್ತು, ಕೈ ಇಡಬಹುದಾದಷ್ಟು. ಎಸಿ ಅರ್ಧಕ್ಕೆ ರೆಗ್ಯುಲೇಶನ್ನೇ ಇಲ್ಲದ ಇನ್ನೂ ಹಳೇ ಬೈಕುಗಳಲ್ಲಿ ಇದನ್ನು ಬೇರೆ ಥರ ಯೋಚಿಸಬೇಕು. ಅವುಗಳಲ್ಲಿ ಹೆಡ್‌ಲೈಟ್ ಬಲ್ಬು ಹೋದ ಬೆನ್ನಿಗೇ ಟೈಲ್ ಬಲ್ಬೂ ಹೋಗುತ್ತಿತ್ತಲ್ಲ, ಕಾರಣ ಇದೇ.

ಸರ್ಕ್ಯೂಟು

ರೆಡಿ ಸಿಗುವ ಎಲ್‌ಎಂ2596 ಮಾಡ್ಯೂಲ್ ಯಾಕೆ ಬೇಡ? ಅದು ವೋಲ್ಟೇಜನ್ನು ಸ್ಥಿರ ಇಡುತ್ತದೆ, ಕರೆಂಟನ್ನಲ್ಲ. ಎಲ್‌ಇಡಿ ಬಿಸಿಯಾದಂತೆ ಅದಕ್ಕೆ ಬೇಕಾಗುವ ವೋಲ್ಟೇಜ್ ಇಳಿಯುತ್ತದೆ. ವೋಲ್ಟೇಜ್ ಅಷ್ಟೇ ಇಟ್ಟರೆ ಕರೆಂಟ್ ಏರುತ್ತದೆ, ಇನ್ನೂ ಬಿಸಿಯಾಗುತ್ತದೆ, ಇನ್ನೂ ಏರುತ್ತದೆ. ಕರೆಂಟ್ ಸೆಟ್ ಮಾಡಬಹುದಾದ ಎಕ್ಸ್‌ಎಲ್4015 ಮಾಡ್ಯೂಲ್ ಕೂಡ ಸಿಗುತ್ತದೆ. ಆದರೆ ಸೆಟ್ಟಿಂಗ್ ಇರುವುದು ಪ್ರಿಸೆಟ್ಟಿನಲ್ಲಿ, ಅಂದರೆ ತಿರುಗಿಸುವ ಪುಟ್ಟ ಸ್ಕ್ರೂನಲ್ಲಿ. ಬಂಡಿದಾರಿಯ ಕುಲುಕಾಟಕ್ಕೆ ಅದು ತಾನಾಗೇ ತಿರುಗಿ ಕೂರುತ್ತದೆ. ವೋಲ್ಟೇಜ್ ಏರಿಸಿ ಕೊಡುವ ಬೂಸ್ಟ್ ಡ್ರೈವರ್ ಬೇಡವೇ ಬೇಡ. ಇನ್‌ಪುಟ್ ವೋಲ್ಟೇಜ್ ಔಟ್‌ಪುಟ್ಟನ್ನು ಮೀರಿದರೆ ಕರೆಂಟು ಡ್ರೈವರಿನೊಳಗಿನ ಇಂಡಕ್ಟರ್ (ತಂತಿ ಸುರುಳಿ), ಡಯೋಡ್ ಮೂಲಕ ನೇರ ಎಲ್‌ಇಡಿಗೆ ನುಗ್ಗುತ್ತದೆ, ತಡೆಯುವವರಿಲ್ಲ.

ಆರಿಸಿದ್ದು ಪಿಟಿ4115. ಸಣ್ಣ ಎಲ್‌ಇಡಿ ಡ್ರೈವರುಗಳಲ್ಲಿ ಎಲ್ಲೆಲ್ಲೂ ಸಿಗುವ ಬಕ್, ಅಂದರೆ ವೋಲ್ಟೇಜ್ ಇಳಿಸಿ ಕೊಡುವ ಐಸಿ. 30 ವೋಲ್ಟಿನವರೆಗೆ ಕೆಲಸ ಮಾಡುತ್ತದೆ, 1.2 ಆಂಪಿಯರ್ ತನಕ ಕೊಡುತ್ತದೆ. ಕರೆಂಟನ್ನು ಒಂದೇ ಒಂದು ರೆಸಿಸ್ಟರ್ ತೀರ್ಮಾನಿಸುತ್ತದೆ: 0.1 ವೋಲ್ಟನ್ನು ಆ ರೆಸಿಸ್ಟರಿನಿಂದ ಭಾಗಿಸಿದರೆ ಸಿಗುವ ಕರೆಂಟು. ಎರಡು 0.3 ಓಮ್ ಪ್ಯಾರಲಲ್ ಹಾಕಿದೆ, 0.15 ಓಮ್ ಆಯಿತು. ಅದಕ್ಕೇ 0.67 ಆಂಪಿಯರ್. ತಿರುಗಿಸಲು ಏನೂ ಇಲ್ಲ, ಸಡಿಲವಾಗಲೂ ಏನೂ ಇಲ್ಲ. ಇಂಡಕ್ಟರ್ 68 ಮೈಕ್ರೋಹೆನ್ರಿ, 1.5 ಆಂಪಿಯರಿಗೆ ಮೇಲೆ ಸ್ಯಾಚುರೇಟ್ ಆಗುವಂಥದ್ದು, ಅಂದರೆ ಅಲ್ಲಿಯ ತನಕ ಕರೆಂಟು ತಡೆಯುವ ಗುಣ ಕಳೆದುಕೊಳ್ಳದಂಥದ್ದು. ಗುಜರಿ ಬೋರ್ಡಿನಿಂದ ಕಿತ್ತ, ಗುರುತಿಲ್ಲದ ಇಂಡಕ್ಟರ್ ಹಾಕಬಾರದು. ಬೆಂಚಿನ ಮೇಲೆ ಚೆನ್ನಾಗಿ ಉರಿದು, ಬಿಸಿಯಾದಾಗ ಕೈಕೊಡುವುದು ಇವೇ.

ಬಕ್ ಅಂದರೆ ಇನ್‌ಪುಟ್ ಯಾವಾಗಲೂ ಔಟ್‌ಪುಟ್ಟಿಗಿಂತ ಮೇಲಿರಬೇಕು. ಎಲ್‌ಇಡಿಗೆ 9.3, ಐಸಿ ಮತ್ತು ಇಂಡಕ್ಟರಿನಲ್ಲಿ ಬೀಳುವುದು ಅರ್ಧ ವೋಲ್ಟ್, ಉಲ್ಟಾ ಕನೆಕ್ಷನ್ ತಡೆಯುವ ಶಾಟ್ಕಿ ಡಯೋಡಿನಲ್ಲಿ 0.4, ವೈರಿನಲ್ಲಿ 0.2. ಕೂಡಿದರೆ 10.4. ಬ್ಯಾಟರಿ 11ಕ್ಕೆ ಇಳಿದರೂ ತೊಂದರೆಯಿಲ್ಲ. ಎಸಿ ಲೈನಿನಿಂದ ನೇರ ತೆಗೆದಿದ್ದರೆ ಈ ಲೆಕ್ಕ ಐಡಲಿಂಗಿನಲ್ಲೇ ಮುರಿಯುತ್ತಿತ್ತು.

ಡಿಪ್‌ಗೆ ಒಂದು, ಬ್ರೈಟ್‌ಗೆ ಒಂದು, ಹೀಗೆ ಎರಡು ಡ್ರೈವರ್ ಮಾಡಿದೆ. ಒಂದೇ ಡ್ರೈವರ್ ಇಟ್ಟು ಔಟ್‌ಪುಟ್ ಕಡೆ ಡಿಪ್ ಸ್ವಿಚ್ ಹಾಕಬಹುದಿತ್ತು. ಆದರೆ ಸ್ವಿಚ್ ಒಂದು ಕಡೆಯಿಂದ ಇನ್ನೊಂದು ಕಡೆ ದಾಟುವ ಕ್ಷಣದಲ್ಲಿ ಡ್ರೈವರಿಗೆ ಲೋಡೇ ಇರುವುದಿಲ್ಲ. ಎರಡು ಬೋರ್ಡಿನ ಹೆಚ್ಚುವರಿ ಖರ್ಚು ನೋಡಿದರೆ ಆ ತಲೆನೋವು ಬೇಕಿಲ್ಲ. ಹ್ಯಾಂಡಲಿನ ಹಳೇ ಸ್ವಿಚ್ಚೇ ಇನ್‌ಪುಟ್ ಕಡೆ ಕೆಲಸ ಮಾಡುತ್ತದೆ. 3 ಆಂಪಿಯರ್ ಹೊತ್ತ ಕಾಂಟ್ಯಾಕ್ಟುಗಳಿಗೆ ಅರ್ಧ ಆಂಪಿಯರ್ ಏನೂ ಅಲ್ಲ.

ರಕ್ಷಣೆಗೆ, ಬ್ಯಾಟರಿ ಹತ್ತಿರವೇ 2 ಆಂಪಿಯರ್ ಫ್ಯೂಸು. ಆಮೇಲೆ 1.5ಕೆಇ27ಎ ಅನ್ನುವ ಸರ್ಜ್ ತಡೆಯುವ ಡಯೋಡು. ಅದು 27 ವೋಲ್ಟಿನ ಆಸುಪಾಸಿನಲ್ಲಿ ಬಾಯಿ ಬಿಡುತ್ತದೆ, ದೊಡ್ಡ ಸರ್ಜಿನಲ್ಲೂ 37.5 ದಾಟಲು ಬಿಡುವುದಿಲ್ಲ. ಬ್ಯಾಟರಿ ಮತ್ತೆ ಸತ್ತು ವೈರು ಸಡಿಲವಾದರೆ ಈ ಡಯೋಡೇ ಕಾದು ಶಾರ್ಟ್ ಆಗಿ ಫ್ಯೂಸ್ ಹಾರಿಸುತ್ತದೆ. ಲೈಟು ಹೋಗುತ್ತದೆ, ನಿಜ; ಆದರೆ ಸುಡುವುದು ಕೆಲವು ರೂಪಾಯಿಯ ಡಯೋಡು ಮತ್ತು ಫ್ಯೂಸು. ಜೊತೆಗೆ 50 ವೋಲ್ಟಿನ 470 ಮೈಕ್ರೋಫ್ಯಾರಡ್ ಕೆಪಾಸಿಟರ್, 105 ಡಿಗ್ರಿಯದು.

ಬ್ಯಾಟರಿ ಇಳಿದಾಗ ಏನು ಮಾಡಬೇಕು

ನನಗೆ ಹೆಚ್ಚು ಹೊತ್ತು ಹಿಡಿದದ್ದು ಇದು. ಇನ್ವರ್ಟರ್ ಕೆಲಸದವರಿಗೆ ಲೋ ಬ್ಯಾಟರಿ ಕಟ್‌ಆಫ್ ಅಂದರೆ ಕೈ ತಾನಾಗೇ ಹೋಗುತ್ತದೆ: ಇಷ್ಟು ವೋಲ್ಟಿಗೆ ಬಂದರೆ ಆಫ್ ಮಾಡು. ಆದರೆ ಓಡುತ್ತಿರುವ ಬೈಕಿನ ಹೆಡ್‌ಲೈಟನ್ನು ಟಪ್ ಅಂತ ಆರಿಸಬಾರದು. ಬ್ಯಾಟರಿ ಹೋದರೆ ಹೋಗಲಿ, ಮನುಷ್ಯ ಉಳಿಯಬೇಕು.

ಪಿಟಿ4115ರ ಡಿಮ್ ಪಿನ್ನಿನಲ್ಲಿ ಉತ್ತರ ಸಿಕ್ಕಿತು. ಆ ಪಿನ್ನಿಗೆ 2.5 ವೋಲ್ಟ್ ಮೇಲಿದ್ದರೆ ಪೂರ್ತಿ ಕರೆಂಟು. ಅಲ್ಲಿಂದ 0.5 ವೋಲ್ಟಿನವರೆಗೆ ಇಳಿದಂತೆ ಕರೆಂಟೂ ಇಳಿಯುತ್ತದೆ. ಬ್ಯಾಟರಿ ಲೈನಿನಿಂದ 10 ವೋಲ್ಟ್ ತಾನು ಹಿಡಿದು ಉಳಿದದ್ದನ್ನು ಮಾತ್ರ ಬಿಡುವ ಒಂದು ಝೀನರ್ ಡಯೋಡು, ಕೆಳಗೆ ನೆಲಕ್ಕೆ 2.2 ಕಿಲೋ ಓಮ್. ಅಷ್ಟೇ. ಬ್ಯಾಟರಿ 12.5 ಇದ್ದರೆ ಪಿನ್ನಿಗೆ 2.5, ಪೂರ್ತಿ ಬೆಳಕು. 11.5ಕ್ಕೆ ಬಂದರೆ 1.5, ಅಂದರೆ 60 ಪರ್ಸೆಂಟ್. 11ಕ್ಕೆ 40 ಪರ್ಸೆಂಟ್. ಬ್ಯಾಟರಿ ಸೋತಷ್ಟೂ ದೀಪ ಕಡಿಮೆ ಕೇಳುತ್ತದೆ. ಲೈಟು ಮಂಕಾದಾಗ ಸವಾರನಿಗೂ ಸುಳಿವು ಸಿಗುತ್ತದೆ. ಚಾರ್ಜಿಂಗಿನಲ್ಲಿ ಬ್ಯಾಟರಿ 14.5 ಆದಾಗ ಪಿನ್ನಿಗೆ 4.5 ಬರುತ್ತದೆ, ಸರ್ಜಿನಲ್ಲಿ ಇನ್ನೂ ಮೇಲೆ. ಅದಕ್ಕೆ ನಡುವೆ 4.7 ಕಿಲೋ ಓಮ್ ಇಟ್ಟು, ಪಿನ್ ಕಡೆ 5.1 ವೋಲ್ಟಿನ ಇನ್ನೊಂದು ಝೀನರ್.

ಬೈಕಿಗೆ ಕಟ್ಟಿ ಇಂಡಿಕೇಟರ್ ಹಾಕಿದಾಗ ತಮಾಷೆ ಕಂಡಿತು. ಇಂಡಿಕೇಟರ್ ಮಿನುಗಿದ ಹಾಗೇ ಹೆಡ್‌ಲೈಟೂ ಉಸಿರಾಡುತ್ತಿತ್ತು. ಎರಡು 10 ವ್ಯಾಟಿನ ಬಲ್ಬು ಹೊತ್ತಿದಾಗ ಪುಟ್ಟ ಬ್ಯಾಟರಿಯ ವೋಲ್ಟೇಜ್ ಸ್ವಲ್ಪ ಕುಸಿಯುತ್ತದೆ. ಡಿಮ್ ಪಿನ್ ಅದನ್ನು ವಿಧೇಯವಾಗಿ ಅನುಸರಿಸುತ್ತದೆ. 5.1ರ ಝೀನರಿಗೆ ಪ್ಯಾರಲಲ್ ಒಂದು 470 ಮೈಕ್ರೋಫ್ಯಾರಡ್ ಹಾಕಿದೆ. 4.7 ಕಿಲೋ ಓಮ್ ಜೊತೆ ಸೇರಿ ಎರಡು ಸೆಕೆಂಡಿನಷ್ಟು ನಿಧಾನ ಬಂತು, ಉಸಿರಾಟ ನಿಂತಿತು.

ಈ ನಿಧಾನಕ್ಕೆ ಒಂದು ಬೆಲೆ ಇದೆ. ಈ ಡಿಮ್ ಭಾಗಕ್ಕೆ ಕರೆಂಟನ್ನು ಡಿಪ್ ಸ್ವಿಚ್ಚಿನ ನಂತರ ತೆಗೆದುಕೊಂಡರೆ, ಪ್ರತಿ ಸಲ ಡಿಪ್‌ನಿಂದ ಬ್ರೈಟ್‌ಗೆ ಹಾಕಿದಾಗಲೂ ಎರಡು ಸೆಕೆಂಡ್ ಕತ್ತಲೆ! ಹಾಗಾಗಿ ಅದನ್ನು ಕೀ ಲೈನಿಗೇ ಕಟ್ಟಿ, ಎರಡೂ ಡ್ರೈವರಿಗೆ ತಲಾ 10 ಕಿಲೋ ಓಮ್ ಮೂಲಕ ಹಂಚಿದೆ. ಈಗ ಕೀ ಹಾಕಿದ ಮೊದಲ ಎರಡು ಸೆಕೆಂಡಿಗೆ ಮಾತ್ರ ನಿಧಾನ, ಲೈಟ್ ಸ್ವಿಚ್ ಹಾಕುವಷ್ಟರಲ್ಲಿ ಅದೂ ಮುಗಿದಿರುತ್ತದೆ.

ಕಟ್ಟಿದ್ದು, ಬೆಳಕು ತಿದ್ದಿದ್ದು

ಎರಡೂ ಬೋರ್ಡುಗಳನ್ನು ಪುಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿಟ್ಟು ವೈಸರ್ ಒಳಗೆ, ಡೂಮಿನ (ಹೆಡ್‌ಲೈಟಿನ ಬಟ್ಟಲು) ಹಿಂದೆ ಕೂರಿಸಿದೆ. ಡ್ರೈವರಿನ ನಷ್ಟ ಅರ್ಧ ಮುಕ್ಕಾಲು ವ್ಯಾಟ್, ಡಬ್ಬಿ ಬೆಚ್ಚಗೂ ಆಗುವುದಿಲ್ಲ. ಇಂಡಕ್ಟರ್, ಕೆಪಾಸಿಟರ್ ಕಾಲುಗಳು ಕುಲುಕಿ ಮುರಿಯದಂತೆ ಬುಡಕ್ಕೆ ಸಿಲಿಕೋನ್ ಹಾಕಿ, ಬೋರ್ಡಿಗೆ ವಾರ್ನಿಶ್ ಬಳಿದೆ. ಬಲ್ಬು ಮಾವ ತಂದಿದ್ದ ಅದೇ ಎಲ್‌ಇಡಿ, ಅದರ ಒಳಗಿನ ಸುಟ್ಟ ಬೋರ್ಡಿನ ಕೆಲಸ ಈಗ ಈ ಡಬ್ಬಿಯದು. ಅದು ಫ್ಯಾನ್ ಇಲ್ಲದ್ದು, ಹಿಂದೆ ತಾಮ್ರದ ಜಡೆ ಇರುವಂಥದ್ದು. ಫ್ಯಾನ್ ಇರುವ ಬಲ್ಬು ನಮ್ಮ ಮೆಕ್ಕೆಜೋಳದ ಸುಗ್ಗಿಯ ಧೂಳಿಗೆ ಒಂದು ವರ್ಷ ಬಾಳುವುದು ಕಷ್ಟ. ಬ್ಯಾಟರಿ ಮತ್ತು ಸಣ್ಣ ಬಲ್ಬುಗಳನ್ನು ಬಿಟ್ಟರೆ ಖರ್ಚು 300 ರೂಪಾಯಿ ಮುಟ್ಟಲಿಲ್ಲ.

ಇನ್ನು ಕಣ್ಣು ಕುಕ್ಕುವ ವಿಷಯ. ಹ್ಯಾಲೊಜನ್‌ಗೆ ಮಾಡಿದ ಡೂಮಿನಲ್ಲಿ ಎಲ್‌ಇಡಿ ಹಾಕಿದರೆ ಬೆಳಕು ಎಲ್ಲಿ ಬೀಳುತ್ತದೆ ಅನ್ನುವುದನ್ನು ತಂತಿ ಇದ್ದ ಜಾಗದಲ್ಲೇ ಚಿಪ್ಪು ಕೂತಿದೆಯಾ ಅನ್ನುವುದು ತೀರ್ಮಾನಿಸುತ್ತದೆ. ಈ ಬಲ್ಬಿನಲ್ಲಿ ಚಿಪ್ಪು ಹೆಚ್ಚುಕಡಿಮೆ ಅಲ್ಲೇ ಇತ್ತು, ಡಿಪ್ ಚಿಪ್ಪಿನ ಕೆಳಗೆ ತಗಡಿನ ಮರೆಯೂ ಇತ್ತು. ಗೋಡೆಯಿಂದ 10 ಮೀಟರ್ ದೂರ ಬೈಕ್ ನಿಲ್ಲಿಸಿ, ಮಾವನನ್ನು ಮೇಲೆ ಕೂರಿಸಿ, ದೀಪದ ಎತ್ತರಕ್ಕೆ ಗೋಡೆ ಮೇಲೆ ಗೆರೆ ಹಾಕಿದೆ. ಡಿಪ್ ಬೆಳಕಿನ ಮೇಲಂಚು ಆ ಗೆರೆಗಿಂತ 10 ಸೆಂಟಿಮೀಟರ್ ಕೆಳಗೆ ಬರುವ ತನಕ ಡೂಮ್ ಬಗ್ಗಿಸಿದೆ. ಕರೆಂಟನ್ನು 1 ಆಂಪಿಯರಿಗೆ ಏರಿಸಬಹುದಿತ್ತು, ಏರಿಸಲಿಲ್ಲ. ಎದುರಿನವನಿಗೆ ಕಣ್ಣು ಕತ್ತಲೆ ಬರಿಸುವ ಲೈಟಿನಿಂದ ನಮಗೂ ಅಪಾಯವೇ. 2024ರಲ್ಲಿ ರಾಜ್ಯದ ಪೊಲೀಸರು ಇಂಥ ಲೈಟುಗಳ ಮೇಲೆ ಸಾಲುಸಾಲು ಕೇಸ್ ಹಾಕಿದ್ದು ಸುಮ್ನೆ ಅಲ್ಲ. ಕಂಪನಿಯಿಂದ ಬಂದ ಬಲ್ಬು ಬದಲಿಸುವುದು ಕಾನೂನಿನ ಕಣ್ಣಿನಲ್ಲಿ ಸಲೀಸಾದ ವಿಷಯವಲ್ಲ ಅಂತಲೂ ಮಾವನಿಗೆ ಹೇಳಿದೆ. ಹಳೇ ಹ್ಯಾಲೊಜನ್ ಬಲ್ಬನ್ನು ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟಿದ್ದೇನೆ. ಹೋಲ್ಡರ್ ಅದೇ, ಎಸಿ ವೈರಿನ ತುದಿಗೆ ಪಿನ್ ಹಾಕಿ ಟೇಪ್ ಸುತ್ತಿದೆ. ಬೇಕಾದರೆ ಯಾವ ಮೆಕಾನಿಕ್ ಬೇಕಾದರೂ ಮೊದಲಿನ ಹಾಗೆ ಮಾಡಬಹುದು.

ಒಂದು ಮಳೆಗಾಲ, ಒಂದು ಬೇಸಿಗೆ ಕಳೆದಿದೆ. ಐಡಲಿಂಗಿನಲ್ಲೂ ಹೈವೇಯಲ್ಲೂ ಬೆಳಕು ಒಂದೇ ಸಮ. ಬ್ಯಾಟರಿ ಟರ್ಮಿನಲ್‌ಗೆ ಗ್ರೀಸ್ ಹಚ್ಚುವುದನ್ನು ಮಾವ ಈಗ ಮರೆಯುವುದಿಲ್ಲ. ಮಳೆಗಾಲದಲ್ಲಿ ಒಮ್ಮೆ ಡಬ್ಬಿಯ ಕನೆಕ್ಟರಿನಲ್ಲಿ ಹಸಿರು ಕಿಲುಬು ಬಂದಿತ್ತು. ಅದನ್ನು ಕತ್ತರಿಸಿ ನೇರ ಬೆಸುಗೆ ಹಾಕಿ ಸ್ಲೀವ್ ತೊಡಿಸಿದೆ.

ಪಕ್ಕದ ಹೊಲದವರು ತಮ್ಮ ಮೊಪೆಡ್ ತಂದು ನಿಲ್ಲಿಸಿದ್ದಾರೆ, ಇದೇ ಬೇಕಂತೆ. ಆದರೆ ಅದರಲ್ಲಿ ಬ್ಯಾಟರಿಯೇ ಇಲ್ಲ, ಇದೇ ಡಬ್ಬಿ ಅಲ್ಲಿ ಆಗುವುದಿಲ್ಲ. ಅಲ್ಲಿ ಒಂದೇ ಡಯೋಡಿನ ಅರ್ಧ ಅಲೆ, 4700 ಮೈಕ್ರೋಫ್ಯಾರಡಿನ 63 ವೋಲ್ಟ್ ಕೆಪಾಸಿಟರ್, ಸೀರೀಸಿನಲ್ಲಿ ಮೂರರ ಬದಲು ಎರಡೇ ಚಿಪ್ಪು. ಆಗ ಎಲ್‌ಇಡಿಗೆ 6.2 ವೋಲ್ಟ್ ಸಾಕು, ಪಿಟಿ4115ಕ್ಕೆ 8 ವೋಲ್ಟ್ ಸಿಕ್ಕರೆ ನಡೆಯುತ್ತದೆ. ಅದರ ಐಡಲಿಂಗಿನಲ್ಲಿ ಅಲೆಯ ತುದಿ ಅಷ್ಟು ಬರುತ್ತದಾ ಅಂತ ಮೊದಲು ಅಳೆಯಬೇಕು.